ಕೈಗೂ ಕರೆಂಟಿಗೂ ನಡುವೆ ನಿಲ್ಲುವ ಮೀಟರ್

ಐಟಿಐ ಅಥವಾ ಡಿಪ್ಲೊಮಾ ಮುಗಿಸಿ, ಅಪ್ರೆಂಟಿಸ್ ಆಗಿ ಸೇರಿ, ಮೊದಲ ಬಾರಿ ನಾಲ್ಕು ರೊಕ್ಕ ಕೈಗೆ ಬಂದಾಗ ನಮ್ಮ ಕಡೆಯ ಹುಡುಗರು, ಹುಡುಗಿಯರು ಕೇಳುವ ಪ್ರಶ್ನೆ ಒಂದಿದೆ: ‘ಒಳ್ಳೇ ಮಲ್ಟಿಮೀಟರ್ ತಗೋಬೇಕು, ಯಾವ್ದು ತಗೊಳ್ಳಿ?’ ಅಂಗಡಿಗೆ ಹೋದರೆ ಕೆಲವು ನೂರು ರೂಪಾಯಿಯ ಹಳದಿ ಮೀಟರ್ ಇದೆ. ಅದೇ ಹಳದಿ ಬಣ್ಣದಲ್ಲಿ ಹತ್ತಾರು ಸಾವಿರ ರೂಪಾಯಿಯ ಮೀಟರ್ ಕೂಡ ಇದೆ. ಎರಡನ್ನೂ ಮನೆಯ ಸಾಕೆಟ್ಟಿಗೆ ಚುಚ್ಚಿದರೆ ಎರಡೂ 230ರ ಆಸುಪಾಸು ತೋರಿಸುತ್ತವೆ. ಹಾಗಾದರೆ ಉಳಿದ ದುಡ್ಡು ಯಾತಕ್ಕೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನಮಗೆ ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. ಕೃಷ್ಣಾ, ದೂಧಗಂಗಾ ದಂಡೆಯ ಉದ್ದಕ್ಕೂ ಪಂಪ್‌ಸೆಟ್‌ಗಳಿವೆ. ಉಗಾರ ಖುರ್ದದಿಂದ ಚಿಕ್ಕೋಡಿಯವರೆಗೆ ಸಕ್ಕರೆ ಕಾರ್ಖಾನೆಗಳಿವೆ. ಗಡಿ ದಾಟಿದರೆ ಇಚಲಕರಂಜಿಯ ಮಗ್ಗಗಳು, ಕೊಲ್ಲಾಪುರದ ಫೌಂಡ್ರಿಗಳು ಇವೆ. ಪ್ರತಿ ಊರ ಬಸ್ ಸ್ಟ್ಯಾಂಡಿನ ಸುತ್ತ ಮೊಬೈಲ್ ರಿಪೇರಿ, ಮೋಟರ್ ರೀವೈಂಡಿಂಗ್ ಅಂಗಡಿಗಳಿವೆ. ವಿದ್ಯುತ್ ಕೆಲಸ ಕಲಿತವರ ಹೊಟ್ಟೆ ತುಂಬುವುದು ಇಲ್ಲೇ. ಇವರೆಲ್ಲರ ಕೈಯಲ್ಲೂ ಮೀಟರ್ ಇರುತ್ತದೆ. ಆದರೆ ಎಲ್ಲರಿಗೂ ಒಂದೇ ಮೀಟರ್ ಸರಿಹೋಗುವುದಿಲ್ಲ.

1923ರಲ್ಲಿ ಬ್ರಿಟನ್ನಿನಲ್ಲಿ ಆವೊಮೀಟರ್ ಬಂತು. ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ಆಂಪಿಯರ್, ವೋಲ್ಟ್, ಓಮ್ ಅಳೆಯಲು ಬೇರೆ ಬೇರೆ ಉಪಕರಣ ಹೊತ್ತು ತಿರುಗುವ ಕಷ್ಟಕ್ಕೆ ಒಂದೇ ಪೆಟ್ಟಿಗೆಯ ಪರಿಹಾರ ಹುಡುಕಿದರು. ಆ ಮೂರು ಪದಗಳ ಮೊದಲ ಅಕ್ಷರ ಸೇರಿಸಿಯೇ ಈ ಹೆಸರು. ನೂರು ವರ್ಷದಲ್ಲಿ ಪೆಟ್ಟಿಗೆ ಅಂಗೈಗೆ ಇಳಿದಿದೆ, ಮುಳ್ಳು ಹೋಗಿ ಅಂಕಿ ಬಂದಿದೆ. ಆದರೆ ಈ ಉಪಕರಣವನ್ನು ನಾವು ಇನ್ನೂ ಅಂಕಿ ನೋಡಿಯೇ ಕೊಳ್ಳುತ್ತೇವೆ. ಮೊದಲು ನೋಡಬೇಕಾದದ್ದು ಬೇರೆಯೇ ಇದೆ.

ಕ್ಯಾಟ್ ಎಂದರೆ ಬರೀ ಅಕ್ಷರವಲ್ಲ

ಮೀಟರಿನ ಸಾಕೆಟ್‌ಗಳ ಪಕ್ಕ ‘ಕ್ಯಾಟ್’ ಎಂದು ಬರೆದು ರೋಮನ್ ಅಂಕಿ ಹಾಕಿರುತ್ತಾರೆ. ಇದು ಅಂತರರಾಷ್ಟ್ರೀಯ ಐಇಸಿ 61010 ಮಾನದಂಡದ ವರ್ಗ. ಸಾಕೆಟ್ಟಿಗೆ ಪ್ಲಗ್ ಹಾಕಿ ನಡೆಸುವ ಟಿವಿ, ಚಾರ್ಜರ್, ಮಿಕ್ಸರ್‌ಗಳ ಮೇಲಿನ ಕೆಲಸ ಕ್ಯಾಟ್ 2. ಗೋಡೆಯೊಳಗಿನ ವಾಯರಿಂಗ್, ಡಿಸ್ಟ್ರಿಬ್ಯೂಷನ್ ಬೋರ್ಡ್, ಮೂರು ಫೇಸಿನ ಮೋಟರ್ ಮತ್ತು ಸ್ಟಾರ್ಟರ್ ಕ್ಯಾಟ್ 3. ಕಂಬದಿಂದ ಇಳಿಯುವ ಲೈನ್, ಮನೆಯ ವಿದ್ಯುತ್ ಮೀಟರ್ ಇರುವ ಜಾಗ ಕ್ಯಾಟ್ 4.

ಮೂಲಕ್ಕೆ ಹತ್ತಿರ ಹೋದಷ್ಟೂ ಅಪಾಯ ಹೆಚ್ಚು. ಸಿಡಿಲು ಬಡಿದಾಗ, ದೊಡ್ಡ ಮೋಟರ್ ಬಂದಾದಾಗ, ಲೈನಿನಲ್ಲಿ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಸಮಯ ಸಾವಿರಾರು ವೋಲ್ಟ್‌ಗಳ ಹೊಡೆತ ಬರುತ್ತದೆ. ಆ ಹೊತ್ತಿಗೆ ನಿಮ್ಮ ಪ್ರೋಬ್ ಟರ್ಮಿನಲ್ ಮೇಲಿದ್ದರೆ ಹೊಡೆತ ಮೀಟರಿನ ಒಳಗೇ ಬರುತ್ತದೆ. ಒಳಗೆ ಅಂತರ ಸಾಲದಿದ್ದರೆ ಕಿಡಿ ಹಾರುತ್ತದೆ. ಕಿಡಿಯ ಹಿಂದೆ ಲೈನಿನ ಪೂರ್ತಿ ಕರೆಂಟ್ ನುಗ್ಗುತ್ತದೆ. ಆಗ ಮೀಟರ್ ಕೈಯಲ್ಲೇ ಸಿಡಿಯುತ್ತದೆ.

ಇಲ್ಲಿ ಒಂದು ಲೆಕ್ಕ ತಿಳಿದಿರಲಿ. ‘ಕ್ಯಾಟ್ 2, 1000 ವೋಲ್ಟ್’ ಮತ್ತು ‘ಕ್ಯಾಟ್ 3, 600 ವೋಲ್ಟ್’ ಮೀಟರ್‌ಗಳಲ್ಲಿ ಯಾವುದು ಗಟ್ಟಿ? ಸಾವಿರ ದೊಡ್ಡದು ಎಂದು ಹೆಚ್ಚಿನವರು ಮೊದಲನೆಯದನ್ನು ಹೇಳುತ್ತಾರೆ. ಎರಡನ್ನೂ ಪರೀಕ್ಷಿಸುವುದು 6,000 ವೋಲ್ಟಿನ ಹೊಡೆತದಿಂದಲೇ. ಆದರೆ ಕ್ಯಾಟ್ 2ರಲ್ಲಿ ಆ ಹೊಡೆತದ ದಾರಿಯಲ್ಲಿ 12 ಓಮ್ ಇರುತ್ತದೆ, ಅಂದರೆ ಹೆಚ್ಚೆಂದರೆ 500 ಆಂಪಿಯರ್. ಕ್ಯಾಟ್ 3ರಲ್ಲಿ ಬರೀ 2 ಓಮ್, ಅಂದರೆ 3,000 ಆಂಪಿಯರ್. ಆರು ಪಟ್ಟು ಕಠಿಣ ಪರೀಕ್ಷೆ ಪಾಸಾದದ್ದು 600 ವೋಲ್ಟಿನ ಕ್ಯಾಟ್ 3. ಹೊಳೆ ದಂಡೆಯ ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚುವವರಿಗೆ ಇದು ಕನಿಷ್ಠ. ಕಂಬದ ಕಡೆಯ ಲೈನ್ ಮುಟ್ಟುವವರಿಗೆ ಕ್ಯಾಟ್ 4 ಬೇಕು. ಇವೆಲ್ಲ 230, 415 ವೋಲ್ಟಿನ ಮಾತು. 11 ಕೆ.ವಿ. ಲೈನಿಗೆ ಯಾವ ಕೈ ಮೀಟರನ್ನೂ ಹಚ್ಚಬಾರದು, ಅದು ಎಷ್ಟೇ ದುಬಾರಿಯದಾಗಿರಲಿ.

ಅಕ್ಷರ ಅಚ್ಚು ಹಾಕುವುದು ಯಾರಿಗೂ ಕಷ್ಟವಲ್ಲ. ಆದ್ದರಿಂದ ಯುಎಲ್, ಸಿಎಸ್‌ಎ, ಟಿಯುವಿಯಂಥ ಸ್ವತಂತ್ರ ಪರೀಕ್ಷಾ ಸಂಸ್ಥೆಯ ಗುರುತು ಇದೆಯೇ ನೋಡಿ. ‘ಸಿಇ’ ಗುರುತು ಸಾಮಾನ್ಯವಾಗಿ ತಯಾರಕರೇ ಹೇಳಿಕೊಳ್ಳುವ ಮಾತು.

ಫ್ಯೂಜ್ ಬಿಚ್ಚಿ ನೋಡಿ

ಅಗ್ಗದ ಹಳದಿ ಮೀಟರಿನ ಮೇಲೆ 10 ಆಂಪಿಯರ್ ಸಾಕೆಟ್ಟಿನ ಪಕ್ಕ ‘ಅನ್‌ಫ್ಯೂಸ್ಡ್’ ಎಂದು ಸಣ್ಣದಾಗಿ ಬರೆದಿರುತ್ತದೆ. ಆ ದಾರಿಯಲ್ಲಿ ಫ್ಯೂಜೇ ಇಲ್ಲ ಎಂದರ್ಥ. ಆಂಪಿಯರ್ ಅಳೆಯುವ ಸಾಕೆಟ್ಟಿನ ಒಳಗೆ ಇರುವುದು ದಪ್ಪ ತಂತಿಯ ತುಂಡು. ಕರೆಂಟ್ ಅಳೆದು, ಕೆಂಪು ಪ್ರೋಬನ್ನು ಅಲ್ಲೇ ಬಿಟ್ಟು, ಆಮೇಲೆ ಫೇಸ್ ಮತ್ತು ನ್ಯೂಟ್ರಲ್‌ಗೆ ಹಿಡಿದರೆ ಅದು ನೇರ ಶಾರ್ಟ್. ದಿನಕ್ಕೆ ಹತ್ತಾರು ಅಳತೆ ಮಾಡುವವರಿಗೆ, ಅದೂ ರಾತ್ರಿ ಪಾಳಿಯಲ್ಲಿ, ಇಂಥದು ಆಗುವುದೇ ಇಲ್ಲ ಎನ್ನುವಂತಿಲ್ಲ.

ದುಬಾರಿ ಮೀಟರಿನ ದುಡ್ಡಿನ ದೊಡ್ಡ ಪಾಲು ಇಲ್ಲಿ ಹೋಗುತ್ತದೆ. ಒಳಗೆ ಮರಳು ತುಂಬಿದ, ಉದ್ದನೆಯ, 1000 ವೋಲ್ಟ್ ತಡೆಯುವ ಫ್ಯೂಜ್ ಇರುತ್ತದೆ. ಹೊತ್ತಿದ ಕಿಡಿಯನ್ನು ಆ ಮರಳೇ ಆರಿಸುತ್ತದೆ. ಗಾಜಿನ ಸಣ್ಣ ಫ್ಯೂಜ್ ದೊಡ್ಡ ಶಾರ್ಟಿನಲ್ಲಿ ಒಡೆದರೂ ಒಳಗಿನ ಕಿಡಿ ಉಳಿದುಕೊಳ್ಳಬಹುದು. ಮೀಟರ್ ಕೊಳ್ಳುವಾಗ ಹಿಂದಿನ ಮುಚ್ಚಳ ತೆಗೆದು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಫ್ಯೂಜ್ ಹೋದಾಗ ಅದೇ ಅಳತೆಯದನ್ನೇ ಹಾಕಿ. ಅದು ದುಬಾರಿ ಎಂದು ಗಾಜಿನದನ್ನೋ ವಾಯರಿನ ಎಳೆಯನ್ನೋ ಹಾಕಿದರೆ ದುಬಾರಿ ಮೀಟರ್ ಅಗ್ಗದ ಮೀಟರ್ ಆಗಿಬಿಡುತ್ತದೆ.

ಪ್ರೋಬ್‌ಗಳಿಗೂ ಕ್ಯಾಟ್ ಗುರುತು ಇರುತ್ತದೆ. ಮೀಟರ್ ಕ್ಯಾಟ್ 3 ಇದ್ದು ಪ್ರೋಬ್ ಬಸ್ ಸ್ಟ್ಯಾಂಡಿನಲ್ಲಿ ಕೊಂಡದ್ದಾದರೆ ರಕ್ಷಣೆ ಆ ಪ್ರೋಬಿನಷ್ಟೇ.

ಅಂಕಿ ಎಷ್ಟು ಬೇಕು?

ಈಗ ಅಂಕಿಯ ವಿಷಯ. ಸಾದಾ ಮೀಟರ್ 2000 ಕೌಂಟಿನದು, ಅಂದರೆ 1999ರವರೆಗೆ ತೋರಿಸುತ್ತದೆ. ಒಳ್ಳೆಯವು 6000, ಇನ್ನೂ ಮೇಲಿನವು 20,000 ಅಥವಾ 50,000 ಕೌಂಟಿನವು. ಮೊಬೈಲ್ ಬ್ಯಾಟರಿಗೆ ಹಚ್ಚಿದರೆ ಮೊದಲನೆಯದು 3.70 ಎನ್ನುತ್ತದೆ, 6000ದ್ದು 3.702 ಎನ್ನುತ್ತದೆ.

ಹೆಚ್ಚು ಅಂಕಿ ಎಂದರೆ ಹೆಚ್ಚು ನಿಖರತೆ ಎಂದಲ್ಲ. ನಿಖರತೆಯನ್ನು ಪುಸ್ತಿಕೆಯಲ್ಲಿ ‘ಶೇ 0.5 + 3’ ಎಂಬಂತೆ ಬರೆದಿರುತ್ತಾರೆ. ಓದಿದ ಮೌಲ್ಯದ ಶೇ 0.5 ಮತ್ತು ಕೊನೆಯ ಅಂಕಿಯಲ್ಲಿ 3ರಷ್ಟು ಹೆಚ್ಚು ಕಡಿಮೆ ಆಗಬಹುದು ಎಂದು ಅರ್ಥ. ಟ್ರ್ಯಾಕ್ಟರ್ ಬ್ಯಾಟರಿ 12.60 ವೋಲ್ಟ್ ತೋರಿಸಿದರೆ ತಪ್ಪು 0.063 + 0.03, ಸುಮಾರು 0.09 ವೋಲ್ಟ್. ‘ಶೇ 0.05 + 1’ ಮೀಟರಿನಲ್ಲಿ ಅದು ಸುಮಾರು 0.016 ವೋಲ್ಟ್. ಬ್ಯಾಟರಿ ಪೂರ್ತಿ ತುಂಬಿದೆಯೇ, ಮುಕ್ಕಾಲಾಗಿದೆಯೇ ಎಂದು ತಿಳಿಯಲು 12.6 ಮತ್ತು 12.4ರ ನಡುವಿನ ವ್ಯತ್ಯಾಸ ಕಂಡರೆ ಸಾಕು. ಅಂದರೆ ಮಧ್ಯಮ ಮೀಟರೇ ಸಾಕು.

ಸಕ್ಕರೆ ಕಾರ್ಖಾನೆಯ ಇನ್‌ಸ್ಟ್ರುಮೆಂಟೇಷನ್ ವಿಭಾಗಕ್ಕೆ ಬಂದರೆ ಲೆಕ್ಕ ಬೇರೆ. ಕಬ್ಬಿನ ರಸ ಕಾಯಿಸುವಲ್ಲಿ ಉಷ್ಣತೆ ಹೇಳುವುದು ಪಿಟಿ-100 ಸೆನ್ಸರ್. ಸೊನ್ನೆ ಡಿಗ್ರಿಯಲ್ಲಿ ಅದರ ರೋಧ 100 ಓಮ್, ನೂರು ಡಿಗ್ರಿಯಲ್ಲಿ 138.5 ಓಮ್. ಒಂದು ಡಿಗ್ರಿಗೆ 0.385 ಓಮ್ ಮಾತ್ರ. ಶೇ 0.5 ತಪ್ಪುವ ಮೀಟರ್ ಹಿಡಿದು ನೋಡಿದರೆ ಸುಮಾರು ಎರಡು ಡಿಗ್ರಿ ಅಲ್ಲೇ ಕಳೆದುಹೋಯಿತು. ಪ್ರೋಬ್ ತಂತಿಯ 0.2 ಓಮ್ ಕಳೆಯದಿದ್ದರೆ ಇನ್ನರ್ಧ ಡಿಗ್ರಿ. ಹಾಗೆಯೇ ಟ್ಯಾಂಕಿನ ಮಟ್ಟ, ಉಗಿಯ ಒತ್ತಡ ಎಲ್ಲವೂ ಕಂಟ್ರೋಲ್ ರೂಮಿಗೆ 4ರಿಂದ 20 ಮಿಲಿ ಆಂಪಿಯರ್ ಭಾಷೆಯಲ್ಲಿ ಬರುತ್ತವೆ. 4 ಎಂದರೆ ಖಾಲಿ, 12 ಎಂದರೆ ಅರ್ಧ, 20 ಎಂದರೆ ತುಂಬಿದೆ. ಇಲ್ಲಿ ಕೆಲಸ ಹಿಡಿದವರಿಗೆ ನಿಖರವಾದ ಓಮ್ ಮತ್ತು ಮಿಲಿ ಆಂಪಿಯರ್ ಅಳತೆ ಬೇಕೇ ಬೇಕು. ದುಬಾರಿ ಮೀಟರಿನ ನಿಖರತೆ ನಿಜವಾಗಿ ಕೆಲಸಕ್ಕೆ ಬರುವ ಜಾಗ ಇದು.

ಅಲೆ ಕೆಟ್ಟಾಗ ಓದೂ ಕೆಡುತ್ತದೆ

ಅಗ್ಗದ ಮೀಟರ್ ಎಸಿಯ ಸರಾಸರಿ ಹಿಡಿದು, ಅದನ್ನು 1.11ರಿಂದ ಗುಣಿಸಿ ತೋರಿಸುತ್ತದೆ. ಅಲೆ ಶುದ್ಧ ಸೈನ್ ಆಗಿದ್ದರೆ ಉತ್ತರ ಸರಿ. ಅಗ್ಗದ ಇನ್ವರ್ಟರ್, ಮೋಟರಿನ ವೇಗ ಬದಲಿಸುವ ಡ್ರೈವ್, ಡಿಮ್ಮರ್, ಕಂಪ್ಯೂಟರ್ ಪವರ್ ಸಪ್ಲೈ ಇರುವಲ್ಲಿ ಅಲೆ ಶುದ್ಧವಾಗಿರುವುದಿಲ್ಲ. ಪೂರ್ತಿ ಚೌಕ ಅಲೆಯಾದರೆ ಇಂಥ ಮೀಟರ್ ಶೇ 11ರಷ್ಟು ಹೆಚ್ಚು ತೋರಿಸುತ್ತದೆ. ತುಂಡಾದ ಅಲೆಯ ಕರೆಂಟನ್ನು ಶೇ 40ರವರೆಗೂ ಕಡಿಮೆ ತೋರಿಸಬಹುದು. ವಾಯರ್ ಕಾದಿದೆ, ಮೀಟರ್ ಮಾತ್ರ ಎಲ್ಲ ಸರಿ ಎನ್ನುತ್ತದೆ. ಇದಕ್ಕೆ ಉತ್ತರ ‘ಟ್ರೂ ಆರ್‌ಎಂಎಸ್’. ಡ್ರೈವ್‌ಗಳ ಹೊರಹರಿವು ಅಳೆಯುವವರಿಗೆ ಹೆಚ್ಚಿನ ಆವರ್ತನ ಸೋಸುವ ‘ಲೋ ಪಾಸ್ ಫಿಲ್ಟರ್’ ಕೂಡ ಬೇಕು.

ಇಲ್ಲದ ವೋಲ್ಟ್, ಇದ್ದರೂ ಕಾಣದ ವೋಲ್ಟ್

ಮೋಟರ್ ರಿಪೇರಿಗೆ ಹೋದ ಕಲಿಯುವ ಹುಡುಗ ಮತ್ತು ಹಿರಿಯ ಮೆಕ್ಯಾನಿಕ್ ನಡುವೆ ಹೊಲಗಳಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

‘ಕಾಕಾ, ಸ್ಟಾರ್ಟರ್ ಬಂದ್ ಮಾಡೇನಿ. ಆದ್ರೂ ಮೀಟರ್ 60 ವೋಲ್ಟ್ ತೋರಸಾಕತ್ತೇತಿ.’

‘ಮೇನ್ ಇಳಿಸಿ ಫ್ಯೂಜ್ ಕಿತ್ತಿಡೋ ತಮ್ಮಾ. ಕಿತ್ತ ಮ್ಯಾಲ ಸೊನ್ನೆ ತೋರಿಸಿದ್ರೂ ನಂಬಬ್ಯಾಡ. ಮೊದಲ ಮೀಟರ್ ಜೀವಂತ ಐತಿಲ್ಲೋ ನೋಡು.’

ಕಾಕಾನ ಮಾತಿನಲ್ಲಿ ಎರಡು ಪಾಠಗಳಿವೆ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾ ಓಮ್, ಅಂದರೆ ಒಂದು ಕೋಟಿ ಓಮ್. ಅದು ಲೈನಿನಿಂದ ಎಳೆದುಕೊಳ್ಳುವ ಕರೆಂಟ್ ತೀರಾ ಕಡಿಮೆ. ಹೀಗಾಗಿ ಉದ್ದನೆಯ ಕೇಬಲ್ಲಿನಲ್ಲಿ ಜೀವಂತ ತಂತಿಯ ಪಕ್ಕ ಸುಮ್ಮನೆ ಮಲಗಿರುವ ಸತ್ತ ತಂತಿಯಲ್ಲೂ ಹುಸಿ ವೋಲ್ಟ್ ಕಾಣುತ್ತದೆ. ಕಡಿಮೆ ಒಳರೋಧದ ‘ಲೋ-ಝಡ್’ ಸೌಲಭ್ಯವಿದ್ದ ಮೀಟರಿನಲ್ಲಿ ಈ ಹುಸಿ ಓದು ಕುಸಿದು ನಿಜ ತಿಳಿಯುತ್ತದೆ. ಆದರೆ ಪ್ರತಿ ಬಾರಿಯೂ ಅದು ಹುಸಿಯೇ ಎಂದು ತೀರ್ಮಾನಿಸಬಾರದು. ಮೂರರಲ್ಲಿ ಒಂದು ಫೇಸ್ ಹೋದರೂ ಓಡುತ್ತಿರುವ ಮೋಟರ್ ತನ್ನ ವೈಂಡಿಂಗ್ ಮೂಲಕ ಆ ತಂತಿಗೆ ವೋಲ್ಟ್ ಹಿಂದಿರುಗಿಸುತ್ತದೆ. ಆ ವೋಲ್ಟ್ ನಿಜವಾದದ್ದು, ಕೊಲ್ಲಬಲ್ಲದು.

ಎರಡನೆಯದು ಮೂರು ಹೆಜ್ಜೆಯ ಪರೀಕ್ಷೆ. ಕರೆಂಟ್ ಇದೆ ಎಂದು ಗೊತ್ತಿರುವ ಕಡೆ ಮೀಟರ್ ಹಚ್ಚಿ ನೋಡಿ. ಆಮೇಲೆ ಕೆಲಸ ಮಾಡುವ ಜಾಗದಲ್ಲಿ ಸೊನ್ನೆ ಇದೆಯೇ ನೋಡಿ. ಮತ್ತೆ ಮೊದಲಿನ ಜಾಗದಲ್ಲಿ ಹಚ್ಚಿ ನೋಡಿ. ನಡುವೆ ಪ್ರೋಬ್ ತಂತಿ ಒಳಗೇ ಕಡಿದಿದ್ದರೆ ಮೂರನೇ ಹೆಜ್ಜೆಯಲ್ಲಿ ಸಿಕ್ಕಿಬೀಳುತ್ತದೆ. ಇದಕ್ಕೆ ಅರ್ಧ ನಿಮಿಷವೂ ಬೇಡ. ಯಾವ ಬೆಲೆಯ ಮೀಟರಿಗೂ ಇದರಿಂದ ರಿಯಾಯಿತಿ ಇಲ್ಲ.

ಯಾರಿಗೆ ಯಾವುದು?

ಮೊಬೈಲ್, ಟಿವಿ ಬೋರ್ಡ್ ರಿಪೇರಿ ಮಾಡುವವರಿಗೆ ಬೇಕಾದದ್ದು ಮುಟ್ಟಿದ ಕೂಡಲೇ ಕೂಗುವ ಕಂಟಿನ್ಯೂಟಿ, ಸ್ಥಿರವಾದ ಡಯೋಡ್ ಓದು, ಸೂಜಿಯಂಥ ಪ್ರೋಬ್. 6000 ಕೌಂಟಿನ ಮಧ್ಯಮ ದರದ ಮೀಟರ್ ಧಾರಾಳವಾಯಿತು. ಒಂದು ಎಚ್ಚರಿಕೆ: ಟಿವಿ, ಚಾರ್ಜರ್‌ಗಳ ಪವರ್ ಸಪ್ಲೈಯಲ್ಲಿ 230 ವೋಲ್ಟ್ ಎಸಿ ಸುಮಾರು 325 ವೋಲ್ಟ್ ಡಿಸಿಯಾಗಿ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಆದ್ದರಿಂದ ಮೇಜಿನ ಕೆಲಸಕ್ಕೂ ಒಳ್ಳೆಯ ಪ್ರೋಬ್ ಬೇಕು.

ಪಂಪ್‌ಸೆಟ್, ವಾಯರಿಂಗ್ ಕೆಲಸದವರು ಮೊದಲು ಕೊಳ್ಳಬೇಕಾದದ್ದು ಕ್ಯಾಟ್ 3ರ ಟ್ರೂ ಆರ್‌ಎಂಎಸ್ ಕ್ಲಾಂಪ್ ಮೀಟರ್. ಐದು ಎಚ್‌ಪಿಯ ಮೂರು ಫೇಸ್ ಮೋಟರ್ ಓಡುವಾಗ ಏಳೆಂಟು ಆಂಪಿಯರ್ ತಗೊಳ್ಳುತ್ತದೆ, ಶುರುವಾಗುವಾಗ ಅದರ ಐದಾರು ಪಟ್ಟು. ಅದನ್ನು ಮಲ್ಟಿಮೀಟರಿನ 10 ಆಂಪಿಯರ್ ಸಾಕೆಟ್ಟಿನಲ್ಲಿ ಹಾಯಿಸುವ ಪ್ರಶ್ನೆಯೇ ಇಲ್ಲ. ತಂತಿಯನ್ನು ಕಡಿಯದೆ, ಮುಟ್ಟದೆ ಅಳೆಯುವುದು ಕ್ಲಾಂಪ್ ಮಾತ್ರ.

ಕಾರ್ಖಾನೆಯ ಮೆಂಟೆನೆನ್ಸ್, ಇನ್‌ಸ್ಟ್ರುಮೆಂಟೇಷನ್, ಡ್ರೈವ್ ಕೆಲಸದವರಿಗೆ ಮೇಲ್ದರ್ಜೆಯ ಮೀಟರ್ ತನ್ನ ಬೆಲೆ ದುಡಿದು ಕೊಡುತ್ತದೆ. ಈ ದರ್ಜೆಯಲ್ಲಿ ಹೆಚ್ಚು ಕೇಳಿಬರುವ ಹೆಸರು ಅಮೆರಿಕದ ಫ್ಲೂಕ್ 87-ವಿ. ಆ ‘ವಿ’ ವೋಲ್ಟ್ ಅಲ್ಲ, ರೋಮನ್ ಐದು. ಮೂಲ 87 ಬಂದದ್ದು 1988ರಲ್ಲಿ. 87-ವಿಗೆ ಕ್ಯಾಟ್ 3ರಲ್ಲಿ 1000 ವೋಲ್ಟ್, ಕ್ಯಾಟ್ 4ರಲ್ಲಿ 600 ವೋಲ್ಟ್ ಅರ್ಹತೆ ಇದೆ. ಡಿಸಿ ನಿಖರತೆ ಶೇ 0.05, ಜೊತೆಗೆ ಲೋ ಪಾಸ್ ಫಿಲ್ಟರ್. ಪ್ರೋಬ್ ತಪ್ಪು ಸಾಕೆಟ್ಟಿನಲ್ಲಿದ್ದರೆ ಕೂಗಿ ಎಚ್ಚರಿಸುತ್ತದೆ. ತೈವಾನಿನ ಬ್ರೈಮೆನ್ ಬಿಎಂ-869ಎಸ್ ನಿಖರತೆಯಲ್ಲಿ ಇನ್ನೂ ಮುಂದೆ, ಡಿಸಿಯಲ್ಲಿ ಶೇ 0.02. ಹಾಗೆಂದು ದುಬಾರಿಯದರಲ್ಲಿ ಎಲ್ಲವೂ ಇರುವುದಿಲ್ಲ. ಮೇಲೆ ಹೇಳಿದ ಲೋ-ಝಡ್ ಸೌಲಭ್ಯ 87-ವಿಯಲ್ಲಿ ಇಲ್ಲ. ಎಲೆಕ್ಟ್ರಿಷಿಯನ್‌ಗಳಿಗಾಗಿ ಮಾಡಿದ ಅದೇ ಕಂಪನಿಯ ಫ್ಲೂಕ್ 117ರಲ್ಲಿ ಅದು ಇದೆ, ಆದರೆ ಅದರಲ್ಲಿ ಮಿಲಿ ಆಂಪಿಯರ್ ಸಾಕೆಟ್ ಇಲ್ಲ. ಅದೇ ಹೆಸರಿನ 15ಬಿ+, 17ಬಿ+ ಗಟ್ಟಿಮುಟ್ಟಾಗಿವೆ, ಕೈಗೆಟಕುತ್ತವೆ, ಆದರೆ ಟ್ರೂ ಆರ್‌ಎಂಎಸ್ ಅಲ್ಲ. ಹೆಸರಿಗಿಂತ ಮಾದರಿಯ ಪುಸ್ತಿಕೆ ಮುಖ್ಯ. ನಾಸಿಕದ ರಿಷಭ್, ಮುಂಬೈನ ಮೆಕೊ ಥರದ ನಮ್ಮ ದೇಶದ ತಯಾರಕರ ಪುಸ್ತಿಕೆಗಳನ್ನೂ ತೆಗೆದು ಹೋಲಿಸಿ. ರಿಪೇರಿ, ಬಿಡಿಭಾಗ ಹತ್ತಿರ ಸಿಗುವುದೂ ಒಂದು ಗುಣವೇ.

ಬಣ್ಣ ನೋಡಿ ಮೋಸ ಹೋಗಬೇಡಿ. ಕಪ್ಪು ಮುಖಕ್ಕೆ ಹಳದಿ ಅಂಚಿನ ವಿನ್ಯಾಸ ಅಮೆರಿಕದಲ್ಲಿ ಫ್ಲೂಕ್‌ನ ಟ್ರೇಡ್‌ಮಾರ್ಕ್. 2014ರ ಮಾರ್ಚ್‌ನಲ್ಲಿ ಅಲ್ಲಿನ ಸ್ಪಾರ್ಕ್‌ಫನ್ ಕಂಪನಿ ತರಿಸಿದ ಸುಮಾರು 2,000 ಹಳದಿ ಮೀಟರ್‌ಗಳನ್ನು ಈ ಕಾರಣಕ್ಕೇ ಸುಂಕ ಇಲಾಖೆ ತಡೆಹಿಡಿದಿತ್ತು. ನಮ್ಮ ಮಾರುಕಟ್ಟೆಯಲ್ಲಿ ಆ ಬಣ್ಣಕ್ಕೆ ಬರವಿಲ್ಲ. ಕೊಲ್ಲಾಪುರವೋ ಬೆಳಗಾವಿಯೋ ಬೆಂಗಳೂರಿನ ಎಸ್.ಪಿ. ರಸ್ತೆಯೋ, ಎಲ್ಲಿ ಕೊಂಡರೂ ಅಧಿಕೃತ ಮಾರಾಟಗಾರರಲ್ಲಿ ಕೊಳ್ಳಿ, ಬಿಲ್ ಮತ್ತು ವಾರಂಟಿ ಕಾರ್ಡ್ ಪಡೆಯಿರಿ, ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ.

ಸಾಲ ಮಾಡಿ ಕೊಳ್ಳಬೇಕೇ?

ಬೇಡ. ಕಲಿಯುವ ಹಂತದಲ್ಲಿ ಬ್ಯಾಟರಿ, ಸರ್ಕಿಟ್ ಬೋರ್ಡ್, 12 ವೋಲ್ಟಿನೊಳಗಿನ ಪ್ರಯೋಗಕ್ಕೆ ಅಗ್ಗದ ಮೀಟರ್ ಸಾಕು. ಅದನ್ನು ಮೇನ್ ಲೈನಿಗೆ ಒಯ್ಯಬೇಡಿ, ಅಷ್ಟೇ. ಲೈನ್ ಮೇಲಿನ ಕೆಲಸ ಶುರುವಾದ ದಿನ ಪ್ರಮಾಣಿತ ಕ್ಯಾಟ್ 3, ಸರಿಯಾದ ಫ್ಯೂಜ್, ಒಳ್ಳೆಯ ಪ್ರೋಬ್ ಇರುವ ಮೀಟರ್ ಕೊಳ್ಳಿ. ಇದರಲ್ಲಿ ಚೌಕಾಸಿ ಬೇಡ. ಶೇ 0.05ರ ನಿಖರತೆಗೆ ದುಡ್ಡು ಹಾಕುವುದು ನಿಮ್ಮ ಕೆಲಸ ಅದನ್ನು ಕೇಳಿದಾಗ. ಕಾರ್ಖಾನೆಯಲ್ಲಿ ಕೆಲಸ ಸಿಕ್ಕರೆ ಕ್ಯಾಲಿಬ್ರೇಷನ್ ಆದ ಮೀಟರನ್ನು ಅವರೇ ಕೊಡುತ್ತಾರೆಯೇ ಎಂದು ಮೊದಲು ಕೇಳಿ. ಅದು ನಿಮ್ಮ ಹಕ್ಕಿನ ಪ್ರಶ್ನೆ. ಕೊಡದೆ ‘ನಿಂದೇ ತಾ’ ಎಂದರೆ ಲೈನ್ ಮೇಲೆ ಯಾವ ವರ್ಗದ ಮೀಟರ್ ಬೇಕೆಂದು ಹೇಳುವಷ್ಟು ತಿಳಿವಳಿಕೆ ನಿಮಗಿರಲಿ.

ಸಂದರ್ಶನಕ್ಕೂ ಇದೇ ತಿಳಿವಳಿಕೆ ಬೇಕು. ಟ್ರೂ ಆರ್‌ಎಂಎಸ್ ಎಂದರೇನು, ಮೀಟರಿನ ಒಳರೋಧ ಎಷ್ಟು, 12 ಮಿಲಿ ಆಂಪಿಯರ್ ಬಂದರೆ ಟ್ಯಾಂಕ್ ಎಷ್ಟು ತುಂಬಿದೆ, ಲೈನ್ ಸತ್ತಿದೆ ಎಂದು ಹೇಗೆ ಖಾತ್ರಿ ಮಾಡುತ್ತೀರಿ ಎಂಬ ಪ್ರಶ್ನೆಗಳಿಗೆ ತಯಾರಾಗಿ ಹೋಗಿ. ಕಬ್ಬು ನುರಿಸುವ ಹಂಗಾಮಿಗೆ ಮುಂಚೆ ಕಾರ್ಖಾನೆಗಳಲ್ಲಿ ಯಂತ್ರಗಳ ದುರಸ್ತಿ ನಡೆಯುವ ತಿಂಗಳುಗಳು ಕೆಲಸ ಕಲಿಯಲು, ಕೈಗೆ ಒಳ್ಳೆಯ ಮೀಟರ್ ಸಿಕ್ಕಾಗ ಅದನ್ನು ಅರಿಯಲು ಒಳ್ಳೆಯ ಕಾಲ.

ಮೀಟರ್ ಕೊಂಡು ಮನೆಗೆ ತಂದ ದಿನ ಮೊದಲು ಅದರ ಪುಸ್ತಿಕೆ ಓದಿ. ಆಮೇಲೆ ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿ ಕೂಗು ಕೇಳಿ, ಹೊಸ ಬ್ಯಾಟರಿಯೊಂದರ ವೋಲ್ಟ್ ಅಳೆದು ಪುಸ್ತಿಕೆಯ ಕೊನೆಯ ಪುಟದಲ್ಲಿ ತಾರೀಕಿನ ಸಮೇತ ಬರೆದಿಡಿ. ವರ್ಷಕ್ಕೊಮ್ಮೆ ಗೆಳೆಯರ ಮೀಟರ್ ಜೊತೆ ಇಟ್ಟು ಒಂದೇ ಬ್ಯಾಟರಿಯನ್ನು ಇಬ್ಬರೂ ಅಳೆದು ನೋಡಿ. ಓದು ದೂರ ಸರಿದಿದ್ದರೆ ಕ್ಯಾಲಿಬ್ರೇಷನ್‌ಗೆ ಕೊಡಿ. ಪ್ರೋಬಿನ ಪ್ಲಾಸ್ಟಿಕ್ ಸೀಳಿದ್ದರೆ ಟೇಪ್ ಸುತ್ತಬೇಡಿ, ಅಂದೇ ಬದಲಿಸಿ.